ಅಕ್ಕಿ, ಕಂಬಳಿಯ ಪಟ್ಟಿಯಲ್ಲಿ ಪರದೆಗೂ ಒಂದು ಸಾಲಿರಲಿ

ಮುಂಗಾರು ಹತ್ತಿರ ಬಂದಂತೆ ಕೃಷ್ಣೆಯ ದಂಡೆಯ ತಾಲ್ಲೂಕುಗಳಲ್ಲಿ ನೆರೆ ಪೂರ್ವಸಿದ್ಧತೆಯ ಸಭೆ ನಡೆಯುತ್ತದೆ. ಬೋಟು, ಹಗ್ಗ, ಜನರೇಟರು, ಅಕ್ಕಿ, ಬೇಳೆ, ಹಾಲಿನ ಪುಡಿ, ಚಾಪೆ, ಕಂಬಳಿ, ಹಾವು ಕಡಿತದ ಔಷಧಿ ಎಲ್ಲದರ ಲೆಕ್ಕವಾಗುತ್ತದೆ. ಹಳ್ಳಿಯ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕಿಯಾಗಿ, ನಿವೃತ್ತಿಯ ಬಳಿಕ ಸ್ವಯಂಸೇವಕಿಯಾಗಿ ಇಂಥ ಸಭೆಗಳಲ್ಲಿ ನಾನು ಕುಳಿತಿದ್ದೇನೆ. ಆ ಪಟ್ಟಿಯಲ್ಲಿ ಪರದೆ ಎಂಬ ಪದವನ್ನು ಒಮ್ಮೆಯೂ ಕಂಡಿಲ್ಲ.

2019ರ ಆಗಸ್ಟಿನಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ಏರಿದಾಗ ನಮ್ಮ ಭಾಗದ ಜನ ಶಾಲೆಗಳಲ್ಲಿ, ಕಲ್ಯಾಣ ಮಂಟಪಗಳಲ್ಲಿ ತಂಗಿದರು. ನಾನಿದ್ದದ್ದು ಒಂದು ಕಲ್ಯಾಣ ಮಂಟಪದಲ್ಲಿ. ಊಟಕ್ಕೆ ಕೊರತೆಯಿರಲಿಲ್ಲ. ರೊಟ್ಟಿ, ಚಟ್ನಿಪುಡಿ ಎಲ್ಲೆಲ್ಲಿಂದಲೋ ಬುಟ್ಟಿಗಟ್ಟಲೆ ಬಂದವು. ಕೊರತೆ ಇದ್ದದ್ದು ಬೇರೆ. ಸಭಾಂಗಣದ ಟ್ಯೂಬ್‌ಲೈಟುಗಳು ರಾತ್ರಿಯಿಡೀ ಉರಿಯುತ್ತಿದ್ದವು. ಒಂದು ಮನೆಯ ಚಾಪೆ ಮುಗಿಯುವಲ್ಲೇ ಇನ್ನೊಂದು ಮನೆಯ ಚಾಪೆ. ಹಸುಗೂಸಿನ ತಾಯಿ ಗೋಡೆಗೆ ಮುಖ ಮಾಡಿ, ಸೆರಗು ಹೊದ್ದು, ಬೆವರುತ್ತಾ ಹಾಲೂಡಿಸುತ್ತಿದ್ದಳು. ಮುಟ್ಟಾದ ಹುಡುಗಿಯರು ಬಟ್ಟೆ ಬದಲಿಸಲು ಶೌಚಾಲಯದ ಸರದಿಗೆ ಕಾಯುತ್ತಿದ್ದರು. ವಯಸ್ಸಿಗೆ ಬಂದ ಮಗಳ ಪಕ್ಕ ಅಪರಿಚಿತರು ಮಲಗಿದ್ದಾರೆಂದು ತಾಯಂದಿರು ಕುಳಿತಲ್ಲೇ ರಾತ್ರಿ ಕಳೆಯುತ್ತಿದ್ದರು. ಮೂತ್ರ ಹಿಡಿದುಕೊಳ್ಳಲಾಗದ ಒಬ್ಬ ಅಜ್ಜನ ಪಂಚೆಯನ್ನು ಅವನ ಸೊಸೆ ಎಲ್ಲರೆದುರೇ ಬದಲಿಸಬೇಕಾಗಿ ಬಂದಾಗ, ಆತ ಕಣ್ಣು ಮುಚ್ಚಿಕೊಂಡಿದ್ದ.

ಕೊನೆಗೆ ಹೆಂಗಸರೇ ಕಿಟಕಿಯ ಸರಳಿನಿಂದ ಕಂಬಕ್ಕೆ ಹಗ್ಗ ಕಟ್ಟಿ ಸೀರೆ ಇಳಿಬಿಟ್ಟರು. ಒಂದು ಮೂಲೆಯಲ್ಲಿ ಶುರುವಾದದ್ದು ಸಂಜೆಯೊಳಗೆ ಅರ್ಧ ಸಭಾಂಗಣಕ್ಕೆ ಹಬ್ಬಿತು. ಮರುದಿನ ಉಸ್ತುವಾರಿಯವರು ಬಂದು ಎಲ್ಲ ಬಿಚ್ಚಿಸಿದರು. “ಒಳಗ ಏನ್ ನಡದೈತಿ ಅಂತ ನಮಗ ಕಾಣಬೇಕಲ್ರೀ” ಎಂದರು. ಅವರಿಗೆ ಕೆಟ್ಟ ಉದ್ದೇಶವಿತ್ತೆಂದು ನಾನು ಹೇಳುವುದಿಲ್ಲ. ಆದರೆ ಕಾಯುವವರಿಗೆ ಎಲ್ಲವೂ ಕಾಣಬೇಕೆಂಬ ಹಟದಲ್ಲಿ ಎಲ್ಲರಿಗೂ ಎಲ್ಲವೂ ಕಾಣುವಂತಾಗಿತ್ತು.

ಜಪಾನಿನಲ್ಲೂ ಭೂಕಂಪದ ನಿರಾಶ್ರಿತರು ಶಾಲೆಗಳ ವ್ಯಾಯಾಮ ಸಭಾಂಗಣಗಳಲ್ಲಿ ಹೀಗೆಯೇ ಮಲಗುತ್ತಿದ್ದರು. ವಾಸ್ತುಶಿಲ್ಪಿ ಶಿಗೆರು ಬಾನ್ 2004ರ ನೀಗಾಟಾ ಭೂಕಂಪದ ಕಾಲದಿಂದ ಇದಕ್ಕೊಂದು ಪರಿಹಾರ ಹುಡುಕುತ್ತಾ ಬಂದರು. ಅವರ ವಿಧಾನ ತೀರಾ ಸರಳ: ದಪ್ಪ ಕಾಗದದ ಕೊಳವೆಗಳು ಕಂಬ, ಅವುಗಳ ತೂತಿನಲ್ಲಿ ತೂರಿಸಿದ ಸಣ್ಣ ಕೊಳವೆಗಳು ತೊಲೆ, ಮೇಲಿನಿಂದ ಇಳಿಬಿಟ್ಟು ಪಿನ್ನು ಚುಚ್ಚಿದ ಬಟ್ಟೆ. ಮೊಳೆ ಬೇಡ, ಬಡಗಿ ಬೇಡ. ಕುಟುಂಬ ದೊಡ್ಡದಾದರೆ ನಡುವಿನ ಬಟ್ಟೆ ಸರಿಸಿದರಾಯಿತು. 2011ರ ಭೂಕಂಪ, ಸುನಾಮಿಯ ಬಳಿಕ ಸುಮಾರು 50 ಶಿಬಿರಗಳಲ್ಲಿ ಇಂಥ 1,800ಕ್ಕೂ ಹೆಚ್ಚು ಗೂಡುಗಳನ್ನು ಕಟ್ಟಿದರು. ಅಲ್ಲಿಯೂ ಮೊದಲಿಗೆ ಹಲವು ಅಧಿಕಾರಿಗಳು, ಜನರ ಮೇಲೆ ಕಣ್ಣಿಡಲಾಗುವುದಿಲ್ಲವೆಂದು ಹಿಂಜರಿದಿದ್ದರು. ಈಗ ಅನೇಕ ಸ್ಥಳೀಯ ಆಡಳಿತಗಳು ವಿಪತ್ತು ಬರುವ ಮೊದಲೇ ಅವರ ತಂಡದೊಂದಿಗೆ ಒಪ್ಪಂದ ಮಾಡಿಕೊಂಡಿವೆ. 2022ರಲ್ಲಿ ಯುಕ್ರೇನಿನಿಂದ ಓಡಿಬಂದವರಿಗಾಗಿ ಪೋಲೆಂಡಿನಲ್ಲೂ ಇದೇ ಪರದೆಗಳು ಎದ್ದವು.

ನಮಗೆ ಜಪಾನಿನಿಂದ ಕೊಳವೆ ತರಿಸುವ ಅಗತ್ಯವಿಲ್ಲ. ಜಾತ್ರೆಯ ಹಿಂದಿನ ರಾತ್ರಿ ಬಯಲಿನಲ್ಲಿ ಸಾಲು ಸಾಲು ಅಂಗಡಿ ಎಬ್ಬಿಸುವ ಶಾಮಿಯಾನದವರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಅವರ ಬಳಿ ಕಬ್ಬಿಣದ ಪೈಪು, ಬಟ್ಟೆ, ಹಗ್ಗ, ಕಟ್ಟುವ ಹುಡುಗರು ಎಲ್ಲವೂ ಉಂಟು. ಮಳೆಗಾಲದಲ್ಲಿ ಅವರಿಗೆ ಕೆಲಸವೂ ಕಡಿಮೆ. ಅಕ್ಕಿಗೆ ಮಾಡಿಕೊಂಡಂತೆ ಅವರೊಂದಿಗೂ ಮೊದಲೇ ದರ ಮಾತಾಡಿಕೊಂಡರೆ ಜನ ಬಂದಿಳಿದ ದಿನವೇ ಪರದೆ ಏಳುತ್ತದೆ. ಬಟ್ಟೆಯನ್ನು ರಬಕವಿ–ಬನಹಟ್ಟಿಯ ಮಗ್ಗಗಳಲ್ಲಿ ನೇಯಿಸಬಹುದು. ಮೇದಾರರ ಬಿದಿರಿನ ತಟ್ಟಿಯೂ ಆದೀತು. ಅವರಿಗೂ ನಾಲ್ಕು ಕಾಸು ಸಿಗುತ್ತದೆ.

ನಿಯಮ ಇಲ್ಲವೆಂದೂ ಅಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 12ನೇ ಕಲಮಿನಡಿ ರಾಷ್ಟ್ರೀಯ ಪ್ರಾಧಿಕಾರ ರೂಪಿಸಿದ ಕನಿಷ್ಠ ಮಾನದಂಡಗಳು ಶಿಬಿರದಲ್ಲಿ ತಲೆಗೆ 3.5 ಚದರ ಮೀಟರ್ ಜಾಗ ಬೇಕೆನ್ನುತ್ತವೆ. ಹೆಂಗಸರು, ವಿಧವೆಯರು, ಮಕ್ಕಳ ಖಾಸಗಿತನಕ್ಕೆ ವಿಶೇಷ ಗಮನ ಕೊಡಬೇಕೆನ್ನುತ್ತವೆ. 20 ಮೀಟರ್ ಉದ್ದ, 12 ಮೀಟರ್ ಅಗಲದ ಕಲ್ಯಾಣ ಮಂಟಪದಲ್ಲಿ ಈ ಲೆಕ್ಕಕ್ಕೆ 68 ಜನ ಹಿಡಿಯುತ್ತಾರೆ. ನಾವು ಎಷ್ಟು ಜನರನ್ನು ತುಂಬುತ್ತೇವೆಂದು ಕಾಳಜಿ ಕೇಂದ್ರ ಎಂದು ಕರೆಯುವ ಈ ಶಿಬಿರಗಳನ್ನು ನೋಡಿದವರಿಗೆಲ್ಲ ಗೊತ್ತು. ಪರದೆ ಕಟ್ಟಲು ನೆಲಕ್ಕೆ ಸುಣ್ಣದ ಗೆರೆ ಎಳೆದರೆ ಈ ತುರುಕುವಿಕೆಯೂ ಕಣ್ಣಿಗೆ ಬೀಳುತ್ತದೆ. ಅದೂ ಒಳ್ಳೆಯದೇ.

ಸುರಕ್ಷತೆಯ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಕತ್ತಲ ಮೂಲೆಯಲ್ಲಿ ಹೆಣ್ಣುಮಕ್ಕಳಿಗೆ ಕೇಡಾಗಬಹುದು, ಬಟ್ಟೆಗೆ ಬೆಂಕಿ ತಗುಲಬಹುದು. ಅದಕ್ಕೇ ಪರದೆ ಎರಡು ಮೀಟರಿಗಿಂತ ಎತ್ತರ ಬೇಡ. ಫ್ಯಾನಿನ ಗಾಳಿಯೂ ಆಡಬೇಕು. ಸಾಲುಗಳ ನಡುವೆ ಇಬ್ಬರು ಎದುರುಬದುರಾಗಿ ನಡೆಯುವಷ್ಟು ದಾರಿ, ದಾರಿಯಲ್ಲಿ ಮಾತ್ರ ರಾತ್ರಿಯಿಡೀ ದೀಪ, ಪಾಳಿಯ ಮೇಲೆ ಇಬ್ಬರು ಮಹಿಳಾ ಸ್ವಯಂಸೇವಕರು, ಒಲೆ ಮತ್ತು ಬೀಡಿ ಹೊರಗೆ. ಹಗಲಲ್ಲಿ ದಾರಿಯ ಕಡೆಯ ಬಟ್ಟೆ ಸರಿಸಿಡಬೇಕು. ಇಷ್ಟು ಮಾಡಿದರೆ ತೆರೆದ ಸಭಾಂಗಣಕ್ಕಿಂತ ಇದೇ ಹೆಚ್ಚು ಸುರಕ್ಷಿತ. ರಾತ್ರಿ ಯಾರು ಯಾರ ಗೂಡಿಗೆ ಕಾಲಿಟ್ಟರೆಂಬುದು ಇಲ್ಲಿ ತಿಳಿಯುತ್ತದೆ; ಚಾಪೆಗಳ ಗುಂಪಿನಲ್ಲಿ ಅದು ತಿಳಿಯುವುದಿಲ್ಲ.

ನನಗಿರುವ ದೊಡ್ಡ ಭಯ ಬೇರೆಯದು. ನಮ್ಮ ಊರುಗಳಲ್ಲಿ ಗೆರೆ ಎಳೆಯಲು ಅವಕಾಶ ಸಿಕ್ಕರೆ ಅದು ಬೇಗ ಕೇರಿಯ ಗೆರೆಯಾಗುತ್ತದೆ. ಪರದೆಯ ಆಚೆ ಇಂಥವರು, ಈಚೆ ಅಂಥವರು ಎಂದು ಯಾರೋ ಹಂಚಲು ನಿಂತರೆ ಈ ಬಟ್ಟೆ ಇಲ್ಲದಿರುವುದೇ ಮೇಲು. ಆದ್ದರಿಂದ ಗೂಡು ಒಂದು ಕುಟುಂಬಕ್ಕೆ, ಬಂದ ಸರದಿಯ ಪ್ರಕಾರ. ಊಟದ ಪಂಕ್ತಿ ಮತ್ತು ಕುಡಿಯುವ ನೀರಿನ ಬಳಿ ಯಾವ ಪರದೆಯೂ ಇರಕೂಡದು. ಬಾಣಂತಿಯರು, ಹಾಸಿಗೆ ಹಿಡಿದವರು, ಒಂಟಿ ಹೆಂಗಸರಿಗೆ ಮಾತ್ರ ಸರದಿ ಮುರಿದು ಶೌಚಾಲಯಕ್ಕೆ ಹತ್ತಿರದ ಗೂಡು ಕೊಡಲಿ.

ಈ ವರ್ಷದ ಸಭೆಗೆ ಮುಂಚೆ ಆಯಾ ಊರಿನ ಕಂದಾಯ ಸಿಬ್ಬಂದಿ ತಮ್ಮ ಪಟ್ಟಿಯಲ್ಲಿರುವ ಪ್ರತಿ ಶಾಲೆ, ಪ್ರತಿ ಕಲ್ಯಾಣ ಮಂಟಪಕ್ಕೆ ಟೇಪು ಹಿಡಿದು ಹೋಗಲಿ. ಉದ್ದ, ಅಗಲ, ಎಷ್ಟು ಗೂಡು, ಎಷ್ಟು ಪೈಪು, ಎಷ್ಟು ಗಜ ಬಟ್ಟೆ, ಯಾವ ಶಾಮಿಯಾನದವರು, ಅವರ ಫೋನ್ ನಂಬರ್: ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಒಂದು ಪ್ರತಿಯನ್ನು ಕಟ್ಟಡದ ಬೀಗದ ಕೈ ಇರುವವರ ಬಳಿ ಇಟ್ಟುಬರಲಿ.