ದುರ್ಗದ ದುಡಿಮೆಗಾರರಿಗೆ ಸುರಕ್ಷತೆಯ ಕೋಟೆ ಎಲ್ಲಿದೆ?

ಪ್ರತಿ ವರ್ಷ ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ. 1966ರ ಅದೇ ದಿನದಂದು ರಾಷ್ಟ್ರೀಯ ಸುರಕ್ಷತಾ ಮಂಡಳಿ ಸ್ಥಾಪನೆಯಾದ ನೆನಪಿಗೆ ಈ ಆಚರಣೆ. ದೊಡ್ಡ ಕಾರ್ಖಾನೆಗಳ ಗೇಟಿನಲ್ಲಿ ಬ್ಯಾನರ್ ಕಟ್ಟಿ, ಕಾರ್ಮಿಕರಿಗೆ ಪ್ರತಿಜ್ಞೆ ಬೋಧಿಸಿ, ಬಹುಮಾನ ವಿತರಿಸಿ ಸಪ್ತಾಹ ಮುಗಿಸಲಾಗುತ್ತದೆ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ ಮತ್ತು ಹಿರಿಯೂರು ತಾಲ್ಲೂಕುಗಳ ಕಲ್ಲು ಕ್ವಾರಿ, ಜಲ್ಲಿ ಕ್ರಷರ್, ಎಣ್ಣೆ ಗಿರಣಿ, ಗೋದಾಮು, ನಾಲಾ ಕಾಮಗಾರಿಗಳಲ್ಲಿ ದುಡಿಯುವವರಿಗೆ ಆ ಬ್ಯಾನರಿನ ನೆರಳು ಸಿಗುವುದೂ ಅಪರೂಪ.

ಈಗ ಈ ವಿಷಯವನ್ನು ಚರ್ಚಿಸಲು ಬಲವಾದ ಕಾರಣವಿದೆ. 2020ರಲ್ಲಿ ಸಂಸತ್ತು ಅಂಗೀಕರಿಸಿದ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯನ್ನು ಕೇಂದ್ರ ಸರ್ಕಾರ 2025ರ ನವೆಂಬರ್ 21ರಿಂದ ಜಾರಿಗೆ ತಂದಿದೆ. 1948ರ ಕಾರ್ಖಾನೆಗಳ ಕಾಯ್ದೆ, 1952ರ ಗಣಿ ಕಾಯ್ದೆ, 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಮುಂತಾದ ಹಲವು ಕಾನೂನುಗಳು ಈ ಒಂದೇ ಸಂಹಿತೆಯಲ್ಲಿ ವಿಲೀನಗೊಂಡಿವೆ.

ಸಂಹಿತೆಯ ಒಳಿತು ಕೆಡುಕು ಎರಡನ್ನೂ ಹೇಳಬೇಕು. ಹಿಂದೆ 1,000 ಅಥವಾ ಅದಕ್ಕೂ ಹೆಚ್ಚು ಕಾರ್ಮಿಕರಿದ್ದ ಕಾರ್ಖಾನೆಗೆ ಸುರಕ್ಷತಾ ಅಧಿಕಾರಿ ಕಡ್ಡಾಯವಾಗಿದ್ದರು; ಈಗ ಆ ಮಿತಿ 500ಕ್ಕೆ ಇಳಿದಿದೆ. ಗಣಿಗಳಲ್ಲಿ 100 ಕಾರ್ಮಿಕರಿದ್ದರೂ ಇಂಥ ಅಧಿಕಾರಿ ಬೇಕು. ಇದು ಸ್ವಾಗತಾರ್ಹ. ಆದರೆ ವಿದ್ಯುತ್ ಬಳಸುವ ಘಟಕವನ್ನು 'ಕಾರ್ಖಾನೆ' ಎಂದು ಪರಿಗಣಿಸಲು ಹಿಂದೆ 10 ಕಾರ್ಮಿಕರಿದ್ದರೆ ಸಾಕಿತ್ತು. ಈಗ 20 ಮಂದಿ ಬೇಕು. ವಿದ್ಯುತ್ ಬಳಸದ ಘಟಕಕ್ಕೆ ಈ ಮಿತಿ 20ರಿಂದ 40ಕ್ಕೆ ಏರಿದೆ. 10 ಮಂದಿಯಿರುವ ಸಂಸ್ಥೆಗಳಿಗೆ ಸಾಮಾನ್ಯ ಹೊಣೆಗಾರಿಕೆಗಳು ಅನ್ವಯಿಸುತ್ತವೆಯಾದರೂ ಕಾರ್ಖಾನೆಗಳಿಗೆಂದೇ ಇರುವ ಬಿಗಿ ನಿಯಮಗಳ ಹಿಡಿತ ಸಡಿಲವಾಗುತ್ತದೆ. ಇನ್‌ಸ್ಪೆಕ್ಟರ್ ಇನ್ನು ಮುಂದೆ 'ಇನ್‌ಸ್ಪೆಕ್ಟರ್ ಹಾಗೂ ಸುಗಮಕಾರ'. ಎಲ್ಲಿ ತಪಾಸಣೆ ನಡೆಯಬೇಕೆಂಬುದನ್ನು ಕಂಪ್ಯೂಟರ್ ಆರಿಸುವ ಪದ್ಧತಿಗೂ ಒತ್ತು ನೀಡಲಾಗಿದೆ.

ಅಂದರೆ ಸರ್ಕಾರಿ ತಪಾಸಣೆಯ ಭಯ ಕಡಿಮೆಯಾಗುವ ಕಡೆ ಅದರ ಸ್ಥಾನವನ್ನು ಬೇರೊಂದು ವ್ಯವಸ್ಥೆ ತುಂಬಬೇಕು. ಸೇಫ್ಟಿ ಆಡಿಟ್ ಎಂದೇ ರೂಢಿಯಲ್ಲಿರುವ ಸುರಕ್ಷತಾ ಪರಿಶೋಧನೆ ಅಂಥ ವ್ಯವಸ್ಥೆ.

ಪರಿಶೋಧನೆ ಎಂದರೇನು?

ತಪಾಸಣೆಗೂ ಪರಿಶೋಧನೆಗೂ ವ್ಯತ್ಯಾಸವಿದೆ. ತಪಾಸಣೆ ಕಾನೂನು ಮುರಿದವರನ್ನು ಹಿಡಿಯುತ್ತದೆ. ಪರಿಶೋಧನೆ ಅಪಾಯ ಎಲ್ಲಿ ಅಡಗಿದೆ ಎಂದು ಮುಂಚಿತವಾಗಿ ಹುಡುಕುತ್ತದೆ. ಏಳು ಸುತ್ತಿನ ಕೋಟೆಯಿದ್ದರೂ ಶತ್ರು ನುಸುಳಿದ್ದು ಒಂದು ಸಣ್ಣ ಕಿಂಡಿಯಿಂದ ಎಂಬ ಒನಕೆ ಓಬವ್ವನ ಕಥೆ ದುರ್ಗದ ಮಕ್ಕಳಿಗೂ ಗೊತ್ತು. ಆ ಕಿಂಡಿಯನ್ನು ಶತ್ರುವಿಗಿಂತ ಮೊದಲು ಗುರುತಿಸುವುದೇ ಪರಿಶೋಧಕನ ಕೆಲಸ.

ಇದಕ್ಕೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 14489 ಎಂಬ ಸಂಹಿತೆ 1998ರಿಂದಲೇ ಇದೆ, 2018ರಲ್ಲಿ ಪರಿಷ್ಕೃತವಾಗಿದೆ. ಭೋಪಾಲ್ ದುರಂತದ ನಂತರ 1989ರಲ್ಲಿ ಬಂದ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ದೊಡ್ಡ ರಾಸಾಯನಿಕ ಘಟಕಗಳಿಗೆ ಸ್ವತಂತ್ರ ಪರಿಶೋಧನೆಯನ್ನು ಕಡ್ಡಾಯಗೊಳಿಸಿದವು. ಜಲ್ಲಿ ಕ್ರಷರ್‌ನಂಥ ಸಣ್ಣ ಘಟಕಗಳು ಆ ಚೌಕಟ್ಟಿನ ಹೊರಗೇ ಉಳಿದವು.

ಒಂದು ಕ್ರಷರ್‌ನಲ್ಲಿ ಪರಿಶೋಧಕ ನೋಡಬೇಕಾದದ್ದು ಏನು? ಕನ್ವೇಯರ್ ಬೆಲ್ಟು ರೋಲರಿಗೆ ಸೇರುವ ಜಾಗಕ್ಕೆ ಜಾಲರಿ ಇದೆಯೇ? ಬೆಲ್ಟಿನ ಉದ್ದಕ್ಕೂ ಎಳೆದು ಯಂತ್ರ ನಿಲ್ಲಿಸುವ ಹಗ್ಗ ಇದೆಯೇ? ದುರಸ್ತಿ ವೇಳೆ ಬೇರೆಯವರು ಸ್ವಿಚ್ ಒತ್ತದಂತೆ ಬೀಗ ಹಾಕುವ ಪದ್ಧತಿ ಇದೆಯೇ? ಟಿಪ್ಪರ್ ಹಿಂದಕ್ಕೆ ಚಲಿಸುವಾಗ ಎಚ್ಚರಿಸುವವರಿದ್ದಾರೆಯೇ? ಧೂಳಿಗೆ ನೀರು ಸಿಂಪಡಿಸಲಾಗುತ್ತಿದೆಯೇ? ಧೂಳಿನಿಂದ ಬರುವ ಸಿಲಿಕೋಸಿಸ್ ಗುಣವಾಗದ ಶ್ವಾಸಕೋಶದ ಕಾಯಿಲೆ. ಅದರ ಲಕ್ಷಣ ಕಾಣಿಸಿಕೊಳ್ಳಲು ಅನೇಕ ವರ್ಷಗಳೇ ಬೇಕಾಗುವುದರಿಂದ ಯಾವ ಅಪಘಾತದ ವರದಿಯಲ್ಲೂ ಅದು ಸೇರುವುದಿಲ್ಲ.

ಇಷ್ಟನ್ನೇ ನೋಡಿದರೆ ಸಾಲದು. ಟಿಪ್ಪರ್ ಚಾಲಕನಿಗೆ ಟ್ರಿಪ್ ಲೆಕ್ಕದಲ್ಲಿ ಹಣ ಕೊಡುವ ಕಡೆ ವೇಗ ತಗ್ಗಿಸಿ ಎಂಬ ಫಲಕ ಹಾಕಿ ಪ್ರಯೋಜನವಿಲ್ಲ. ಚೀಲದ ಲೆಕ್ಕದಲ್ಲಿ ಕೂಲಿ ಪಡೆಯುವ ಹಮಾಲರು ಜಾರುವ ಒಟ್ಟಿಲನ್ನು ಕಂಡರೂ ಕೆಲಸ ನಿಲ್ಲಿಸುವುದು ಕಷ್ಟ. ಕೂಲಿಯ ಲೆಕ್ಕವನ್ನು ಕೇಳದ ಪರಿಶೋಧನೆ ಅಪಾಯದ ಮೂಲವನ್ನೇ ಬಿಟ್ಟಂತೆ.

ರಾಜ್ಯ ಕಲಿಯಬೇಕಾದ ಪಾಠ

2021ರ ಜನವರಿ 21ರಂದು ಶಿವಮೊಗ್ಗ ಸಮೀಪದ ಹುಣಸೋಡಿನಲ್ಲಿ ಕ್ರಷರ್ ಬಳಿ ಸ್ಫೋಟಕ ತುಂಬಿದ್ದ ಲಾರಿ ಸಿಡಿದು ಕನಿಷ್ಠ 5 ಮಂದಿ ಬಲಿಯಾದರು. ಒಂದು ತಿಂಗಳು ಕಳೆಯುವಷ್ಟರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಕಡ್ಡಿಗಳು ಸ್ಫೋಟಿಸಿ 6 ಮಂದಿ ಮೃತಪಟ್ಟರು. 2023ರ ಡಿಸೆಂಬರ್ 4ರಂದು ವಿಜಯಪುರದ ಆಹಾರ ಸಂಸ್ಕರಣಾ ಘಟಕವೊಂದರಲ್ಲಿ ಮೆಕ್ಕೆಜೋಳದ ರಾಶಿಯಡಿ ಸಿಲುಕಿ ಬಿಹಾರದ 7 ಕಾರ್ಮಿಕರು ಪ್ರಾಣ ಬಿಟ್ಟರು. ಪ್ರತಿ ಬಾರಿಯೂ ಸಚಿವರ ಭೇಟಿ, ಪರಿಹಾರ ಘೋಷಣೆ, ತನಿಖೆಯ ಆದೇಶ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಗೆ ಇವೆಲ್ಲ ನಿದರ್ಶನ.

ಈ ಮೂರೂ ಘಟನೆಗಳು ಬೇರೆ ಜಿಲ್ಲೆಗಳಲ್ಲಿ ನಡೆದವು ಎಂದು ನಾವು ನೆಮ್ಮದಿಯಿಂದ ಇರುವಂತಿಲ್ಲ. ಕಲ್ಲು ಸಿಡಿಸುವ ಕ್ವಾರಿಗಳು ಇಲ್ಲೂ ಇವೆ, ಮೆಕ್ಕೆಜೋಳದ ದಾಸ್ತಾನು ಇಲ್ಲೂ ಇದೆ. ಹೊರ ರಾಜ್ಯಗಳಿಂದ ಬಂದ, ಕನ್ನಡದ ಎಚ್ಚರಿಕೆ ಫಲಕವನ್ನು ಓದಲಾಗದ ಕಾರ್ಮಿಕರೂ ಇದ್ದಾರೆ. ಭದ್ರಾ ಮೇಲ್ದಂಡೆ ಯೋಜನೆಯ ನಾಲೆಗಳು, ತುಮಕೂರು–ದಾವಣಗೆರೆ ನೇರ ರೈಲು ಮಾರ್ಗದ ಕಾಮಗಾರಿಗಳು ಆಳವಾದ ಅಗೆತ ಮತ್ತು ಭಾರಿ ಯಂತ್ರಗಳ ಕೆಲಸ. ಆಧಾರವಿಲ್ಲದೆ ಅಗೆದ ಮಣ್ಣಿನ ಗೋಡೆ ಕುಸಿಯಲು ಕ್ಷಣ ಸಾಕು.

ಜಿಲ್ಲೆಯೇ ಕಂಡ ಉದಾಹರಣೆ

ಹೊರಗಿನವರ ಪರಿಶೋಧನೆ ಪ್ರಾಯೋಗಿಕವಲ್ಲ ಎಂಬ ವಾದ ಉದ್ಯಮ ವಲಯದಿಂದ ಕೇಳಿಬರುತ್ತದೆ. ಅದಕ್ಕೆ ಉತ್ತರ ಈ ಜಿಲ್ಲೆಯ ಇತಿಹಾಸದಲ್ಲೇ ಇದೆ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. ಜಂಟಿ ಸರ್ವೆ ನಡೆಸಿ, ಒತ್ತುವರಿಯ ಪ್ರಮಾಣ ಆಧರಿಸಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಉಳಿದವು ಪುನಶ್ಚೇತನ ಯೋಜನೆಯ ಷರತ್ತುಗಳಿಗೆ ಒಪ್ಪಿದ ಮೇಲಷ್ಟೇ ಕೆಲಸ ಆರಂಭಿಸಬಹುದಾಯಿತು.

ಹೊರಗಿನ ಪರಿಶೋಧನೆಯ ಹಿಂದೆ 'ಸರಿಪಡಿಸದಿದ್ದರೆ ಕೆಲಸವಿಲ್ಲ' ಎಂಬ ಬಲವಿದ್ದಾಗ ಅತಿ ಪ್ರಭಾವಿ ಗಣಿಯೂ ತಲೆಬಾಗುತ್ತದೆ ಎಂಬುದು ಇದರಿಂದ ಸಾಬೀತಾಗಿದೆ. ಆ ಪರಿಶೋಧನೆ ಅಳೆದದ್ದು ನೆಲ ಮತ್ತು ಕಾಡನ್ನು. ಅದೇ ಬಿಗಿಯಿಂದ ಕಾರ್ಮಿಕನ ಕೈಕಾಲು, ಕಣ್ಣು, ಶ್ವಾಸಕೋಶವನ್ನು ಕಾಯುವ ಕೆಲಸ ಇನ್ನೂ ಬಾಕಿಯಿದೆ.

ಈ ಹೊತ್ತಿಗೆ ಅದು ಇನ್ನಷ್ಟು ತುರ್ತಿನದು. ಎರಡೂ ಜಿಲ್ಲೆಗಳ ಒಟ್ಟು ಅದಿರು ಉತ್ಪಾದನೆಯ ವಾರ್ಷಿಕ ಮಿತಿಯನ್ನು ಸುಪ್ರೀಂ ಕೋರ್ಟ್ 2022ರ ಆಗಸ್ಟ್‌ನಲ್ಲಿ 70 ಲಕ್ಷ ಟನ್‌ನಿಂದ 150 ಲಕ್ಷ ಟನ್‌ಗೆ ಏರಿಸಿತು. ಅದಿರು ಹೆಚ್ಚಿದಂತೆ ಸ್ಫೋಟ, ಟಿಪ್ಪರ್ ಸಂಚಾರ ಮತ್ತು ಧೂಳು ಹೆಚ್ಚುತ್ತವೆ. ಸುರಕ್ಷತೆಯ ಏರ್ಪಾಡೂ ಅದೇ ಪ್ರಮಾಣದಲ್ಲಿ ಹೆಚ್ಚಬೇಕು.

ಆಗಬೇಕಾದ್ದೇನು?

ಮೊದಲಿಗೆ ನಾಲ್ಕೂ ತಾಲ್ಲೂಕುಗಳಲ್ಲಿ ಕಾರ್ಮಿಕರ ಸಂಖ್ಯೆ ಎಷ್ಟೇ ಇರಲಿ, ಅಪಾಯದ ಕೆಲಸ ನಡೆಯುವ ಸ್ಥಳಗಳ ಪಟ್ಟಿ ಸಿದ್ಧವಾಗಬೇಕು. ಪಟ್ಟಿಯಲ್ಲಿಲ್ಲದ ಘಟಕಕ್ಕೆ ಯಾವ ಪರಿಶೋಧಕನೂ ಹೋಗುವುದಿಲ್ಲ; ಅಕ್ರಮ ಸ್ಫೋಟಕದ ದಾಸ್ತಾನು ಅಡಗುವುದೂ ಅಂಥ ಕಡೆಯೇ.

ಎರಡನೆಯದು ವೆಚ್ಚದ ಪ್ರಶ್ನೆ. ಎಂಟು ಹತ್ತು ಆಳುಗಳನ್ನಿಟ್ಟುಕೊಂಡ ಗಿರಣಿ ಮಾಲೀಕ ಪ್ರತ್ಯೇಕವಾಗಿ ತಜ್ಞರನ್ನು ಕರೆಸಲಾರ ಎಂಬುದು ನಿಜ. ಕ್ರಷರ್ ಮಾಲೀಕರು, ಗಿರಣಿದಾರರು, ವರ್ತಕರು ತಮ್ಮ ಸಂಘಗಳ ಮೂಲಕ ಜಂಟಿಯಾಗಿ ಪರಿಶೋಧನೆ ಮಾಡಿಸಬಹುದು. ಸ್ಥಳೀಯ ಪಾಲಿಟೆಕ್ನಿಕ್‌ಗಳ ಅಧ್ಯಾಪಕರನ್ನು ತರಬೇತಿ ಕೊಟ್ಟು ಬಳಸಿಕೊಳ್ಳಬಹುದು. ಗಣಿಬಾಧಿತರಿಗೆಂದು 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿಯಲ್ಲಿ ಆರೋಗ್ಯವೂ ಆದ್ಯತೆಯ ಕ್ಷೇತ್ರ. ಗಣಿ ಪ್ರದೇಶದ ಕಾರ್ಮಿಕರ ಶ್ವಾಸಕೋಶ ತಪಾಸಣೆಗೆ ಅದರಲ್ಲಿ ಪಾಲು ಮೀಸಲಿಡುವುದು ನ್ಯಾಯೋಚಿತ.

ಮೂರನೆಯದಾಗಿ, ಪರಿಶೋಧನೆಯ ವರದಿ ಮಾಲೀಕರ ಕಪಾಟು ಸೇರಬಾರದು. ಯಾವ ದೋಷ, ಯಾರು ಸರಿಪಡಿಸಬೇಕು, ಯಾವ ದಿನಾಂಕದೊಳಗೆ ಎಂಬ ಮೂರು ಅಂಶಗಳನ್ನು ಕನ್ನಡದಲ್ಲೂ ವಲಸೆ ಕಾರ್ಮಿಕರ ಭಾಷೆಯಲ್ಲೂ ಕೆಲಸದ ಸ್ಥಳದಲ್ಲೇ ಪ್ರಕಟಿಸಬೇಕು. ಗುತ್ತಿಗೆ ಕಾರ್ಮಿಕರೊಂದಿಗೆ ಮೇಸ್ತ್ರಿಯ ಗೈರುಹಾಜರಿಯಲ್ಲಿ ಮಾತನಾಡದೆ ಪರಿಶೋಧನೆ ಪೂರ್ಣವಾಯಿತೆಂದು ಒಪ್ಪಬಾರದು. ಕೂದಲೆಳೆಯ ಅಂತರದಲ್ಲಿ ತಪ್ಪಿದ ಅವಘಡಗಳ ವಿವರ ಇರುವುದು ಅವರ ಬಳಿ.

ನಾಲ್ಕನೆಯದು ಸರ್ಕಾರದ ಕೈಯಲ್ಲೇ ಇರುವ ಅಸ್ತ್ರ. ನಾಲೆ, ರಸ್ತೆ, ರೈಲು ಕಾಮಗಾರಿಗಳಿಗೆ ಹಣ ಕೊಡುವುದು ಸರ್ಕಾರವೇ. ಪರಿಶೋಧನೆಯಲ್ಲಿ ಕಂಡ ದೋಷ ಸರಿಪಡಿಸಿದ ದೃಢೀಕರಣವಿಲ್ಲದೆ ಗುತ್ತಿಗೆದಾರರ ಬಿಲ್ ಪಾವತಿಯಾಗದು ಎಂಬ ಷರತ್ತನ್ನು ಟೆಂಡರಿನಲ್ಲೇ ಸೇರಿಸಿದರೆ ಹೊಸ ಕಾನೂನಿಗಾಗಿ ಕಾಯಬೇಕಿಲ್ಲ. ತೃತೀಯ ಪಕ್ಷದ ಪರಿಶೋಧನೆಗೆ ಹೊಸ ಸಂಹಿತೆಯಲ್ಲೂ ಅವಕಾಶವಿದೆ. ಆದರೆ ಪರಿಶೋಧಕರ ಶುಲ್ಕವನ್ನು ಘಟಕದ ಮಾಲೀಕರೇ ನೇರವಾಗಿ ಕೊಡುವಂತಾದರೆ ವರದಿಯ ವಿಶ್ವಾಸಾರ್ಹತೆ ಉಳಿಯುವುದಿಲ್ಲ. ಸಂಘ ಅಥವಾ ಜಿಲ್ಲಾಡಳಿತದ ಮೂಲಕ ಶುಲ್ಕ ಪಾವತಿಯಾಗಬೇಕು.

ಕೈ ಕಳೆದುಕೊಂಡ ಕೂಲಿಕಾರನಿಗೆ ಪರಿಹಾರದ ಚೆಕ್ಕು ಸಿಗಬಹುದು. ಆ ಕುಟುಂಬದ ದುಡಿಮೆಯ ಬಲ ಮರಳುವುದಿಲ್ಲ. ಒಂದು ಜಾಲರಿ, ಒಂದು ಬೀಗ, ಮಣ್ಣು ಕುಸಿಯದಂತೆ ಕೊಡುವ ಒಂದು ಆಧಾರ — ಇವುಗಳ ಬೆಲೆ ಅದರ ಮುಂದೆ ಅಲ್ಪ. ಜಿಲ್ಲಾಡಳಿತ, ಕಾರ್ಖಾನೆಗಳ ಇಲಾಖೆ ಮತ್ತು ಉದ್ಯಮಿಗಳ ಸಂಘಗಳು ಒಟ್ಟಿಗೆ ಕುಳಿತು ಮುಂದಿನ ಸುರಕ್ಷತಾ ಸಪ್ತಾಹದೊಳಗೆ ಕನಿಷ್ಠ ಆ ಪಟ್ಟಿಯನ್ನಾದರೂ ಸಿದ್ಧಪಡಿಸಲಿ.