ಮಣ್ಣಿನ ಕಾರ್ಡಿನಲ್ಲಿ ಜಂತುಹುಳಕ್ಕೂ ಒಂದು ಗೆರೆ ಬೇಕು

ಮಳೆ ಹಿಂದೆ ಸರಿದು ಅಡಿಕೆ ಕೊಯ್ಲಿನ ಹೊತ್ತಿಗೆ ಕೆಲವು ಕಾಳುಮೆಣಸಿನ ಬಳ್ಳಿಗಳ ಎಲೆ ಹಳದಿಗೆ ತಿರುಗುತ್ತದೆ. ಬೇಸಿಗೆ ಏರಿದಂತೆ ಎಲೆ ಉದುರುತ್ತದೆ, ಗಿಣ್ಣು ಕಳಚುತ್ತದೆ. ಜೂನ್‌ನಲ್ಲಿ ಮಳೆ ಹಿಡಿದರೆ ಅದೇ ಬಳ್ಳಿ ಪುನಃ ಚಿಗುರುತ್ತದೆ. 'ಬದುಕಿತು ಮಾರಾಯ್ರೇ' ಅಂತ ನಾವು ನಿಟ್ಟುಸಿರು ಬಿಡುತ್ತೇವೆ. ಅಕ್ಟೋಬರ್ ಬಂತು, ಮತ್ತೆ ಹಳದಿ. ಎರಡು ಮೂರು ವರ್ಷ ಹೀಗೆ ಆಟ ಆಡಿಸಿ ಕೊನೆಗೊಮ್ಮೆ ಬಳ್ಳಿ ಹೋಗಿಬಿಡುತ್ತದೆ. ಇದೇ ನಿಧಾನ ಸೊರಗು ರೋಗ. ಮಳೆಗಾಲದಲ್ಲೇ ಎಲೆ ಕಪ್ಪಾಗಿ ಕೆಲವೇ ವಾರಗಳಲ್ಲಿ ಬಳ್ಳಿಯನ್ನು ಮುಗಿಸುವ ಶೀಘ್ರ ಸೊರಗು ಬೇರೆ.

ಹಳದಿ ಕಂಡಾಗ ನಾವು ಮಾಡುವುದೇನು? ಸಾರ ಸಾಲದು ಅಂತ ಒಂದು ಬೊಗಸೆ ಗೊಬ್ಬರ. ಆಮೇಲೆ ಸುಣ್ಣ. ಅದೂ ಆಗದಿದ್ದರೆ ಅಂಗಡಿಯವರು ಕೊಟ್ಟ ಟಾನಿಕ್. ಬುಡ ಬಿಡಿಸಿ ಬೇರು ತೊಳೆದು ನೋಡುವವರು ನೂರಕ್ಕೆ ಎಷ್ಟು ಮಂದಿ? ನೋಡಿದರೆ ಎಳೆ ಬೇರುಗಳೇ ಇರುವುದಿಲ್ಲ. ಇದ್ದವುಗಳ ಮೇಲೆ ಕಿತ್ತಳೆಯಿಂದ ನೇರಳೆಗೆ ತಿರುಗಿದ ಗಾಯ, ಅಲ್ಲದಿದ್ದರೆ ಸಣ್ಣ ಸಣ್ಣ ಗಂಟು. ಗಾಯ ಮಾಡುವುದು ಕೊರೆಯುವ ಜಂತುಹುಳ, ಗಂಟು ಕಟ್ಟುವುದು ಬೇರುಗಂಟು ಜಂತುಹುಳ. ಪುಸ್ತಕದಲ್ಲಿ ಇವಕ್ಕೆ ನೆಮಟೋಡ್ ಅಂತ ಹೆಸರು. ಒಂದು ಮಿಲಿಮೀಟರ್ ಉದ್ದವೂ ಇಲ್ಲದ, ನೂಲಿನ ಎಳೆಯಂಥ ಜೀವಿಗಳು. ಬರಿಗಣ್ಣಿಗೆ ಕಾಣುವುದಿಲ್ಲ ಎಂಬುದೇ ಇವುಗಳ ದೊಡ್ಡ ಬಲ.

ಕೋಝಿಕ್ಕೋಡಿನ ಭಾರತೀಯ ಸಾಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯವರು ಕುಂಡದಲ್ಲಿ ಬಳ್ಳಿ ಬೆಳೆಸಿ, ಈ ಹುಳಗಳನ್ನು ಬೇರಿಗೆ ಬಿಟ್ಟು ನೋಡಿದ್ದಾರೆ. ಹುಳ ಒಂದೇ ಇದ್ದರೂ, ಶೀಘ್ರ ಸೊರಗಿನ ಶಿಲೀಂಧ್ರ ಒಂದೇ ಎಳೆ ಬೇರಿಗೆ ತಗಲಿದರೂ, ಎರಡೂ ಸೇರಿದರೂ ನಿಧಾನ ಸೊರಗು ಬರುತ್ತದೆ ಎಂದು ಅವರು ತೋರಿಸಿ ಮೂವತ್ತು ವರ್ಷಕ್ಕೂ ಹೆಚ್ಚಾಯಿತು. ಅಂದರೆ ವಿಜ್ಞಾನ ಹಿಂದೆ ಬಿದ್ದಿಲ್ಲ. ಆ ಸಂಶೋಧನೆ ನಮ್ಮ ಬುಡದವರೆಗೆ ಬಂದಿಲ್ಲ, ತೋಟದ ಬೇರು ಪರೀಕ್ಷೆ ಮಾಡಿಸುವ ದಾರಿಯೇ ಸಣ್ಣ ರೈತನಿಗಿಲ್ಲ ಎಂಬುದು ನನ್ನ ತಕರಾರು.

ಕಾಣದ ಶತ್ರುವನ್ನು ಹಿಡಿಯಲು ತಡವಾದರೆ ಏನಾಗುತ್ತದೆ ಎಂಬುದಕ್ಕೆ ಜಪಾನಿನ ಕಾಡುಗಳನ್ನು ನೋಡಬೇಕು. 1905ರ ಸುಮಾರಿಗೆ ನಾಗಸಾಕಿ ಕಡೆ ಪೈನ್ ಮರಗಳು ವಿಚಿತ್ರವಾಗಿ ಒಣಗತೊಡಗಿದವು. ಬೇಸಿಗೆಯಲ್ಲಿ ಹಸಿರಾಗಿದ್ದ ಮರ ಚಳಿಗಾಲದೊಳಗೆ ಕೆಂಪಾಗಿ ಸತ್ತಿರುತ್ತಿತ್ತು. ಸತ್ತ ಮರದ ತೊಗಟೆ ಕಿತ್ತರೆ ದುಂಬಿಗಳು ಸಿಗುತ್ತಿದ್ದವು. ಕಣ್ಣಿಗೆ ಕಂಡದ್ದು ದುಂಬಿ, ಹಾಗಾಗಿ ಅಪರಾಧಿಯೂ ದುಂಬಿಯೇ ಆಯಿತು. ದಶಕಗಟ್ಟಲೆ ಅದರ ಹಿಂದೆಯೇ ಓಡಿದರು. ಕೊನೆಗೆ 1971ರಲ್ಲಿ ಕಿಯೊಹಾರಾ ಮತ್ತು ತೊಕುಶಿಗೆ ಎಂಬ ಇಬ್ಬರು ಸಂಶೋಧಕರು ಸತ್ತ ಮರದೊಳಗಿದ್ದ ಜಂತುಹುಳವನ್ನು ಸಾಕಿ, ಆರೋಗ್ಯವಂತ ಪೈನ್ ಮರಕ್ಕೆ ಸೇರಿಸಿ ನೋಡಿದರು. ಮರ ಸತ್ತಿತು. ದುಂಬಿ ಕೊಲೆಗಾರನಲ್ಲ, ಅದನ್ನು ಹೊತ್ತು ತಿರುಗುವ ವಾಹನ. ಉದ್ದ ಮೀಸೆಯ ಒಂದು ಜಾತಿ ದುಂಬಿ ಎಳೆ ಚಿಗುರು ಕೆರೆದು ತಿನ್ನುವಾಗ, ಅದರ ಮೈಯಲ್ಲಿದ್ದ ಹುಳಗಳು ಆ ಗಾಯದಿಂದ ಮರದೊಳಗೆ ಇಳಿದು ನೀರು ಸಾಗುವ ದಾರಿಯನ್ನೇ ಕೆಡಿಸುತ್ತವೆ. ಕಾರಣ ತಿಳಿಯಲು ಹಿಡಿದದ್ದು ಅರುವತ್ತಾರು ವರ್ಷ! 1979ರ ಒಂದೇ ವರ್ಷದಲ್ಲಿ ಜಪಾನ್ 24 ಲಕ್ಷ ಘನಮೀಟರಿನಷ್ಟು ಮರ ಕಳೆದುಕೊಂಡಿತು.

ಆ ಹುಳದ ತವರು ಉತ್ತರ ಅಮೆರಿಕ. ಅಲ್ಲಿನ ಪೈನ್ ಮರಗಳು ಹೆಚ್ಚಿನವು ಅದರೊಡನೆ ಹೊಂದಿಕೊಂಡು ಬದುಕುತ್ತವೆ. ಸಮುದ್ರ ದಾಟಿಸಿದ್ದು ಮನುಷ್ಯ, ಸೋಂಕಿದ ಮರದ ದಿಮ್ಮಿಯೊಡನೆ. 1999ರಲ್ಲಿ ಅದು ಪೋರ್ಚುಗಲ್‌ನಲ್ಲೂ ಕಾಣಿಸಿತು. ಹಾಗೆ ನೋಡಿದರೆ ತೆಂಗಿಗೂ ಇದರ ಒಂದು ದಾಯಾದಿ ಇದೆ. ಕೆರಿಬಿಯನ್ ದ್ವೀಪಗಳಲ್ಲಿ, ದಕ್ಷಿಣ ಅಮೆರಿಕದಲ್ಲಿ ಕಾಂಡದೊಳಗೆ ಕೆಂಪು ಉಂಗುರ ಮಾಡಿ ತೆಂಗನ್ನು ಕೊಲ್ಲುವ ಜಂತುಹುಳ. ಅದನ್ನು ಹೊರುವುದು ನಮ್ಮ ಕೆಂಪು ಮೂತಿಹುಳದ ಹತ್ತಿರದ ಸಂಬಂಧಿ. ಆ ರೋಗ ನಮ್ಮ ದೇಶಕ್ಕೆ ಬಂದಿಲ್ಲ. ವಾಹನ ಮಾತ್ರ ಪ್ರತಿ ತೆಂಗಿನ ತೋಟದಲ್ಲೂ ತಯಾರಾಗಿ ನಿಂತಿದೆ. ಬಂದರಿನಲ್ಲಿ ಗಿಡ ತಪಾಸಣೆ ಯಾಕೆ ಬೇಕು ಎಂದು ಕೇಳುವವರಿಗೆ ಇಷ್ಟು ಹೇಳಿದರೆ ಸಾಕು.

ತೊಟ್ಟೆಯೊಳಗೆ ಬರುವ ನೆಂಟ

ನಮ್ಮ ಕೊರೆಯುವ ಹುಳದ ಚರಿತ್ರೆಯೂ ಸಂಚಾರದ ಚರಿತ್ರೆಯೇ. ಫಿಜಿ ದ್ವೀಪದ ಬಾಳೆ ಬೇರಿನಲ್ಲಿ ಸಿಕ್ಕಿದ ಇದನ್ನು ನೇಥನ್ ಕಾಬ್ ಎಂಬ ವಿಜ್ಞಾನಿ 1893ರಲ್ಲಿ ಮೊದಲು ವಿವರಿಸಿದ. ಬಾಳೆ ಕಂದಿನೊಡನೆ ಅದು ಲೋಕ ಸುತ್ತಿತು. ಇಂಡೋನೇಷ್ಯಾದ ಬಂಕಾ ದ್ವೀಪ ಒಂದು ಕಾಲಕ್ಕೆ ಕಾಳುಮೆಣಸಿಗೆ ಹೆಸರುವಾಸಿ. ಅಲ್ಲಿ 'ಹಳದಿ ರೋಗ' ಹಬ್ಬಿ, ಇಪ್ಪತ್ತು ವರ್ಷದಲ್ಲಿ ಸುಮಾರು ಎರಡು ಕೋಟಿ ಬಳ್ಳಿ ನಾಶವಾಯಿತು. ರೋಗದ ಬೇರಿನಲ್ಲಿ ಇದೇ ಹುಳ ಇರುವುದನ್ನು 1930ರ ದಶಕದಲ್ಲೇ ಗುರುತಿಸಿದ್ದರು.

ಭಾರತದಲ್ಲಿ ಇದು ಮೊದಲು ದಾಖಲಾದದ್ದು 1966ರಲ್ಲಿ, ಪಾಲಕ್ಕಾಡಿನ ಬಾಳೆಯಲ್ಲಿ. ಬೇರುಗಂಟಿನ ಹುಳ ಇನ್ನೂ ಹಳಬ. 1901ರಲ್ಲೇ ನೀಲಗಿರಿಯ ದೇವಾಲದ ಚಹಾ ತೋಟದಲ್ಲಿ ಬಾರ್ಬರ್ ಎಂಬವರು ಗುರುತಿಸಿದ್ದರು.

ಈಗ ನಮ್ಮ ತೋಟದ ರಚನೆ ಯೋಚಿಸಿ. ಅಡಿಕೆ ಮರ, ಅದಕ್ಕೆ ಹಬ್ಬಿಸಿದ ಮೆಣಸು, ನಡುವೆ ಬಾಳೆ, ಬದಿಯಲ್ಲಿ ತೆಂಗು, ಸ್ವಲ್ಪ ಶುಂಠಿ. ಕೊರೆಯುವ ಹುಳಕ್ಕೆ ಈ ಐದೂ ಊಟವೇ. ಮಿಶ್ರ ಬೆಳೆ ನಮಗೆ ಜೀವನಾಧಾರ, ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ಒಂದು ಬೆಳೆಯ ಬೇರಿನಿಂದ ಇನ್ನೊಂದಕ್ಕೆ ಅದು ನಡೆದುಕೊಂಡು ಹೋಗುತ್ತದೆ ಎಂಬುದು ಗೊತ್ತಿರಬೇಕು. ನಡೆದರೂ ಎಷ್ಟು ದೂರ? ಸ್ವಂತ ಬಲದಲ್ಲಿ ವರ್ಷಕ್ಕೆ ಹೆಚ್ಚೆಂದರೆ ಕೆಲವು ಅಡಿ. ಊರಿಂದೂರಿಗೆ ಒಯ್ಯುವವರು ನಾವು. ನರ್ಸರಿಯ ತೊಟ್ಟೆಯಲ್ಲಿ, ಬಾಳೆ ಕಂದಿನ ಗಡ್ಡೆಯಲ್ಲಿ, ಹಾರೆ ಪಿಕ್ಕಾಸಿಗೆ ಅಂಟಿದ ಮಣ್ಣಿನಲ್ಲಿ. ಬೇರೆ ಹೊಸ ಜಾತಿಗಳೂ ಹೀಗೆಯೇ ಬರುತ್ತವೆ. ಪೇರಳೆಯನ್ನು ಹಾಳು ಮಾಡುವ ಹೊಸ ಬೇರುಗಂಟು ಹುಳ 2016ರಲ್ಲಿ ತಮಿಳುನಾಡಿನಿಂದ ವರದಿಯಾಯಿತು. ಅದು ಹರಡುವ ಮುಖ್ಯ ದಾರಿ ನರ್ಸರಿ ಗಿಡವೇ.

ಹಾಗಿರುವಾಗ ಗಿಡ ಮಾರುವವನ ಹತ್ತಿರ ಬೇರಿನ ಬಗ್ಗೆ ಒಂದು ಮಾತಾದರೂ ಕೇಳುವ ಹಕ್ಕು ನಮಗಿರಬೇಡವೇ? ಸಸಿ ದಪ್ಪ ಇದೆಯೇ, ಎಲೆ ಎಷ್ಟು, ತಳಿ ಯಾವುದು ಎಂಬುದಷ್ಟೇ ವ್ಯಾಪಾರ. ಬುಡದ ಮಣ್ಣಿನಲ್ಲಿ ಏನಿದೆ ಎಂದು ಮಾರುವವನಿಗೂ ಗೊತ್ತಿಲ್ಲ, ಕೊಳ್ಳುವವನಿಗೂ ಗೊತ್ತಿಲ್ಲ. ನರ್ಸರಿಯವರನ್ನು ದೂರಿ ಪ್ರಯೋಜನವಿಲ್ಲ, ಅವರಿಗೂ ಪರೀಕ್ಷೆಯ ಸೌಲಭ್ಯ ದೂರವೇ. ಆದರೂ ಅವರ ಕೈಯಲ್ಲಿರುವ ಕೆಲಸ ಇದೆ. ಏಪ್ರಿಲ್ ಬಿಸಿಲಿಗೆ ಮಣ್ಣು-ಗೊಬ್ಬರದ ಮಿಶ್ರಣವನ್ನು ಒದ್ದೆ ಮಾಡಿ ತೆಳ್ಳಗೆ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದೆಸಿ, ಅಂಚಿಗೆ ಮಣ್ಣು ಮುಚ್ಚಿ ಒಂದೂವರೆ ತಿಂಗಳು ಬಿಟ್ಟರೆ ಅದರ ಶಾಖಕ್ಕೇ ಹೆಚ್ಚಿನ ಹುಳ ಸಾಯುತ್ತದೆ. ತಾಯಿಬಳ್ಳಿಯ ಹಬ್ಬು ಬಳ್ಳಿಗಳನ್ನು ನೆಲಕ್ಕೆ ತಾಗಿ ಬೇರು ಬಿಡಲು ಬಿಡದೆ ಗೂಟಕ್ಕೆ ಸುತ್ತಿ ಇಟ್ಟರೆ ಅರ್ಧ ಕೆಲಸ ಆದಂತೆ. ಇದಕ್ಕೆಲ್ಲ ದೊಡ್ಡ ಖರ್ಚಿಲ್ಲ.

ವಿಷದ ಕಾಲ ಮುಗಿಯಿತು

'ಹುಳ ಇದ್ದರೆ ಮದ್ದು ಹಾಕಿದರಾಯಿತು' ಎನ್ನುವವರಿದ್ದಾರೆ. ಆ ದಾರಿಯಲ್ಲಿ ಲೋಕ ಬಹಳ ದೂರ ಹೋಗಿ ಬಂದಿದೆ. 1943ರಲ್ಲಿ ಹವಾಯಿಯ ಅನಾನಸು ಹೊಲಗಳಲ್ಲಿ ಕಾರ್ಟರ್ ಎಂಬ ಸಂಶೋಧಕ ಮಣ್ಣಿಗೆ ಹೊಗೆಯಾಡುವ ರಾಸಾಯನಿಕ ಸೇರಿಸಿದಾಗ ಬೆಳೆ ಎದ್ದು ನಿಂತಿತು. ಕಾಣದ ಹುಳ ಎಷ್ಟು ತಿನ್ನುತ್ತಿತ್ತು ಎಂದು ಹಲವರಿಗೆ ನಂಬಿಕೆ ಬಂದದ್ದೇ ಅಂಥ ಪ್ರಯೋಗಗಳಿಂದ. ಅದೇ ಸಾಲಿನಲ್ಲಿ ಬಂದ ಡಿಬಿಸಿಪಿ ಎಂಬ ಮದ್ದು, ಅದನ್ನು ತಯಾರಿಸುವ ಕ್ಯಾಲಿಫೋರ್ನಿಯಾದ ಕಾರ್ಖಾನೆಯ ಗಂಡಾಳುಗಳಿಗೆ ಮಕ್ಕಳಾಗದಂತೆ ಮಾಡಿದ್ದು 1977ರಲ್ಲಿ ಬಯಲಾಯಿತು. ಮಧ್ಯ ಅಮೆರಿಕದ ಬಾಳೆ ತೋಟದ ಕೂಲಿಯಾಳುಗಳೂ ಅದೇ ನೋವು ಉಂಡರು.

ನಮ್ಮಲ್ಲಿ ಬಳ್ಳಿಯ ಬುಡಕ್ಕೆ ಮೂವತ್ತು ಗ್ರಾಂ ಫೋರೇಟ್ ಹರಳು, ವರ್ಷಕ್ಕೆ ಎರಡು ಸಲ ಎಂಬ ಶಿಫಾರಸು ಬಹುಕಾಲ ನಡೆಯಿತು. ಬರಿಗೈಯಲ್ಲಿ ಉದುರಿಸಿದವರೂ ಇದ್ದಾರೆ, ಅದರ ನಾತ ಮರೆತವರಿಲ್ಲ. 2018ರ ಆದೇಶದಂತೆ ಫೋರೇಟ್ ಬಳಕೆ 2020ರ ಕೊನೆಗೆ ನಿಂತಿತು. ನಿಂತದ್ದು ಒಳ್ಳೆಯದೇ ಆಯಿತು. ಆದರೆ ಆ ಜಾಗಕ್ಕೆ ಬರಬೇಕಾದ ತಿಳುವಳಿಕೆಯನ್ನು ಯಾರೂ ತಂದು ಕೊಡಲಿಲ್ಲ. ಬೇವಿನ ಹಿಂಡಿ, ಹುಳದ ಮೊಟ್ಟೆಯನ್ನೇ ತಿನ್ನುವ ಪೊಕೋನಿಯಾದಂಥ ಶಿಲೀಂಧ್ರ, ಬೇರುಗಂಟನ್ನು ತಾಳಿಕೊಳ್ಳುವ ಪೌರ್ಣಮಿ ತಳಿ, ಪೈಪರ್ ಕೊಲುಬ್ರಿನಮ್ ಎಂಬ ಹೊರನಾಡಿನ ಹಿಪ್ಪಲಿಯ ಬೇರಿನ ಮೇಲೆ ಮೆಣಸಿನ ಕಸಿ, ಇವೆಲ್ಲ ಇವೆ. ಕಸಿಗೆ ಬೇಸಿಗೆಯಲ್ಲಿ ನೀರು ತಪ್ಪಿದರೆ ಕಷ್ಟ ಎಂಬುದನ್ನೂ ಹೇಳಬೇಕು. ಯಾವುದು ಬೇಕು ಎಂದು ತೀರ್ಮಾನಿಸಲು ಮೊದಲು ಬುಡದಲ್ಲಿ ಯಾವ ಹುಳ ಎಷ್ಟಿದೆ ಎಂದು ತಿಳಿಯಬೇಡವೇ?

2015ರಲ್ಲಿ ಬಂದ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಹನ್ನೆರಡು ಅಂಶಗಳಿವೆ. ರಸಸಾರ, ಲವಣ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಆರೋಗ್ಯ ಎಂಬ ಹೆಸರಿನ ಕಾಗದದಲ್ಲಿ ಬದುಕಿರುವ ಒಂದೇ ಒಂದು ಜೀವಿಯ ಲೆಕ್ಕ ಇಲ್ಲ! ಜಂತುಹುಳದ ಬಗ್ಗೆ ಅಖಿಲ ಭಾರತ ಸಂಶೋಧನಾ ಯೋಜನೆ 1977ರಿಂದ ನಡೆಯುತ್ತಿದೆ. ದೇಶಕ್ಕೆ ವರ್ಷಕ್ಕೆ ಹತ್ತು ಸಾವಿರ ಕೋಟಿ ರೂಪಾಯಿಗೂ ಮೀರಿದ ನಷ್ಟ ಎಂಬ ಅಂದಾಜನ್ನೂ 2020ರಲ್ಲಿ ಪ್ರಕಟಿಸಿದ್ದಾರೆ. ಇಷ್ಟು ದೊಡ್ಡ ನಷ್ಟಕ್ಕೆ ಕಾರ್ಡಿನಲ್ಲಿ ಒಂದು ಗೆರೆ ಸಿಗಬಾರದೇ? ಒಂದು ಕಚೇರಿಯಲ್ಲಿ ನಾನು ಇದನ್ನು ಕೇಳಿದಾಗ, 'ಮಣ್ಣು ಒಣಗಿಸಿ ಪುಡಿ ಮಾಡಿ ತನ್ನಿ, ನೋಡುವ' ಅಂದರು. ಒಣಗಿಸಿದರೆ ಹುಳ ಉಳಿಯುವುದೆಲ್ಲಿ? ಜಂತುಹುಳದ ಮಾದರಿಗೆ ಹಸಿ ಮಣ್ಣೇ ಬೇಕು. ಪೂರ್ತಿ ಸತ್ತ ಬಳ್ಳಿಯದ್ದಲ್ಲ, ಹಳದಿ ಶುರುವಾದ ನಾಲ್ಕೈದು ಬಳ್ಳಿಯ ಬೇರಿನ ಸುತ್ತಲಿನ ಮಣ್ಣು ಕಾಲು ಕಿಲೋ, ಜತೆಗೆ ಒಂದು ಹಿಡಿ ಎಳೆ ಬೇರು. ತೊಟ್ಟೆಯಲ್ಲಿ ಕಟ್ಟಿ, ಬಿಸಿಲು ತಾಗಿಸದೆ, ಬೇಗ ತಲುಪಿಸಬೇಕು.

ಲೆಕ್ಕ ಬೇಕು ಎನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಮಣ್ಣಿನ ಜಂತುಹುಳಗಳೆಲ್ಲ ವೈರಿಗಳಲ್ಲ. ಹೆಚ್ಚಿನವು ಬ್ಯಾಕ್ಟೀರಿಯಾ, ಶಿಲೀಂಧ್ರ ತಿಂದು, ಹೆಚ್ಚಾದ ಸಾರಜನಕವನ್ನು ಗಿಡಕ್ಕೆ ಸಿಗುವ ರೂಪದಲ್ಲಿ ಹೊರಗೆ ಬಿಡುವಂಥವು. ಕೆಲವು ಬೇರೆ ಜಂತುಹುಳಗಳನ್ನೇ ತಿನ್ನುತ್ತವೆ. 2019ರ ಒಂದು ಅಧ್ಯಯನದ ಪ್ರಕಾರ ಲೋಕದ ಮೇಲ್ಮಣ್ಣಿನಲ್ಲಿರುವ ಇವುಗಳ ತೂಕವೇ ಸುಮಾರು 30 ಕೋಟಿ ಟನ್. ಯಾವ ಬಗೆಯವು ಎಷ್ಟಿವೆ ಎಂದು ಎಣಿಸಿ ಮಣ್ಣಿನ ಸ್ಥಿತಿ ಅಳೆಯುವ ಕ್ರಮವನ್ನು ಬೊಂಗರ್ಸ್ ಎಂಬ ಡಚ್ ವಿಜ್ಞಾನಿ 1990ರಲ್ಲೇ ಕೊಟ್ಟಿದ್ದಾರೆ. ಹಟ್ಟಿಗೊಬ್ಬರ, ಸೊಪ್ಪು ಹಾಕಿದ ಬುಡದಲ್ಲಿ ಈ ಸ್ನೇಹಿತರು ಹೆಚ್ಚುತ್ತಾರೆ. ಫೋರೇಟ್ ಉದುರಿಸಿದಾಗ ಸತ್ತವರಲ್ಲಿ ಅವರೂ ಸೇರಿದ್ದರು.

ಸರಕಾರದ ಗೆರೆ ಬರುವವರೆಗೆ ಕಾಯಬೇಕಾಗಿಲ್ಲ. ಮನೆಯಲ್ಲೇ ನೋಡುವ ಉಪಾಯ ನೂರು ವರ್ಷ ಹಳೆಯದು. ಜಾವಾದಲ್ಲಿದ್ದ ಬೇರ್‌ಮನ್ ಎಂಬ ವೈದ್ಯ 1917ರಲ್ಲಿ ಮನುಷ್ಯರ ಕೊಕ್ಕೆಹುಳದ ಮರಿಗಳನ್ನು ಮಣ್ಣಿನಿಂದ ಬೇರ್ಪಡಿಸಲು ಕಂಡುಕೊಂಡ ಕ್ರಮ ಅದು. ನಮ್ಮ ಅಡುಗೆಮನೆಯ ರೂಪ ಹೀಗೆ: ಅಗಲದ ಜರಡಿಯೊಳಗೆ ಟಿಶ್ಯೂ ಕಾಗದ ಹಾಸಿ, ಸಣ್ಣಗೆ ಕತ್ತರಿಸಿದ ಬೇರು ಅಥವಾ ಎರಡು ಚಮಚ ಮಣ್ಣು ತೆಳ್ಳಗೆ ಹರಡಿ, ತಟ್ಟೆಯ ನೀರಿಗೆ ಅಡಿ ಮಾತ್ರ ತಾಗುವಂತೆ ಇಡುವುದು. ಒಂದೆರಡು ದಿನದಲ್ಲಿ ಹುಳಗಳು ಕಾಗದ ದಾಟಿ ನೀರಿಗೆ ಇಳಿಯುತ್ತವೆ. ಆ ನೀರನ್ನು ಊರ ಹೈಸ್ಕೂಲಿನ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಬಳುಕುತ್ತಿರುವುದು ಕಾಣುತ್ತದೆ. ಸೂಜಿಬಾಯಿಯ ಕೆಟ್ಟದ್ದು ಯಾವುದು, ಒಳ್ಳೆಯದು ಯಾವುದು ಎಂದು ಹೇಳಲು ಪರಿಣತರೇ ಬೇಕು. ಬೇರುಗಂಟಿಗೆ ಇನ್ನೂ ಸುಲಭ: ಸಂಶಯದ ಮಣ್ಣಿನಲ್ಲಿ ಟೊಮೆಟೊ ಅಥವಾ ಬೆಂಡೆ ಬಿತ್ತಿ ಐದಾರು ವಾರಕ್ಕೆ ಕಿತ್ತು ನೋಡಿ, ಬೇರೇ ಹೇಳುತ್ತದೆ. ಬಾಳೆ ಕಂದು ತರುವಾಗ ಒಂದು ಬೇರನ್ನು ಉದ್ದಕ್ಕೆ ಸೀಳಿ. ಒಳಗೆ ಕೆಂಪು-ಕಂದು ಗೀರು ಇದ್ದರೆ ಆ ರಾಶಿ ಬೇಡ. ಬೇರೆ ದಾರಿ ಇಲ್ಲದಿದ್ದರೆ ಗಡ್ಡೆಯ ಮೈ ಬಿಳಿಯಾಗುವವರೆಗೆ ಹೆರೆದು 55 ಡಿಗ್ರಿ ಬಿಸಿನೀರಲ್ಲಿ ಇಪ್ಪತ್ತು ನಿಮಿಷ ಅದ್ದಬೇಕು.

ಈ ಸಲ ಮೆಣಸಿನ ಸಸಿ ತರಲು ನರ್ಸರಿಗೆ ಹೋದರೆ ಒಂದು ಸಸಿಯ ದುಡ್ಡು ಬೇರೆಯೇ ಕೊಟ್ಟು, ಅಲ್ಲೇ ತೊಟ್ಟೆ ಹರಿದು, ಬಕೆಟ್ಟಿನ ನೀರಲ್ಲಿ ಬೇರು ತೊಳೆದು ನೋಡಿ. ಬಿಡುವುದಿಲ್ಲ ಎಂದರೆ ಬೇರೆ ಕಡೆ ಹೋಗಿ. ನಾಲ್ಕು ಜನ ಹಾಗೆ ಮಾಡಿದ ಮೇಲೆ ಐದನೆಯವನಿಗೆ ನರ್ಸರಿಯವರೇ ತೊಟ್ಟೆ ಹರಿದು ತೋರಿಸಿಯಾರು.