ಮನೆವಾರ್ತೆ: ಕಾಣದಾದ ವೈಫೈ ಹೆಸರು

ನಮ್ಮ ಮನೆಯ ರೌಟರು ವೈಫೈಯನ್ನು ಎರಡು ಹೆಸರುಗಳಿಂದ ಒದಗಿಸುತ್ತದೆ, ೨.೪ ಗಿಗಾಹರ್ಟ್ಸಿನ ಬ್ಯಾಂಡಿಗೆ ಒಂದು, ೫ ಗಿಗಾಹರ್ಟ್ಸಿನದಕ್ಕೆ ಇನ್ನೊಂದು. ಮೊದಲನೆಯದು ಗೋಡೆಗಳನ್ನು ದಾಟಿ ಅಡಿಗೆಮನೆಯವರೆಗೂ ಬರುವುದಾದರೂ, ನೆರೆಹೊರೆಯವರ ಯಂತ್ರಗಳೆಲ್ಲ ಅಲ್ಲಿಯೇ ನೆರೆದಿರುವುದರಿಂದ ಸಂದಣಿ ಬಹಳ. ಎರಡನೆಯದು ಅಷ್ಟು ದೂರ ಹೋಗಲಾರದು, ವೇಗ ಹೆಚ್ಚು. ಸೊಸೆಯ ಕಚೇರಿಯ ಕೆಲಸವೆಲ್ಲ ಇದನ್ನೇ ನಂಬಿದೆ.

ಹೋದ ತಿಂಗಳು ಒಂದು ಬೆಳಿಗ್ಗೆ ಕರೆಂಟು ಹೋಗಿ ಬಂದ ಮೇಲೆ ಈ ಎರಡನೆಯ ಹೆಸರು ಕಾಣದಾಯಿತು. ಸೊಸೆಯ ಸಭೆಗೆ ಹದಿನೈದು ನಿಮಿಷ ಮಾತ್ರ ಉಳಿದಿದ್ದಿತು. ಹಿಂದಿನ ರಾತ್ರಿ ಮೊಮ್ಮಗನು ರೌಟರಿನ ಬಳಿ ಆಡುತ್ತಿದ್ದುದನ್ನು ನೆನೆದು, ವಿಚಾರಿಸದೆ ಅವನನ್ನು ಗದರಿಸಿದೆನು. "ತಾತ, ನಾನು ಮುಟ್ಟಲೇ ಇಲ್ಲ" ಎಂದು ಅವನು ಅತ್ತನು. ನಾನಾದರೋ ರೌಟರನ್ನು ಆರಿಸುವುದು, ಹಾಕುವುದು, ಒಂದು ನಿಮಿಷ ನೋಡಿ ಮತ್ತೆ ಆರಿಸುವುದು, ಹೀಗೆ ನಾಲ್ಕಾರು ಬಾರಿ ಮಾಡಿದೆನು.

ಸಂಜೆ ಈ ವಿದ್ಯೆಯನ್ನು ಬಲ್ಲ ನನ್ನ ತಂಗಿಯ ಮಗನು ಬಂದು ನೋಡಿ ನಕ್ಕನು. ೫ ಗಿಗಾಹರ್ಟ್ಸಿನ ಚಾನೆಲುಗಳಲ್ಲಿ ೫೨ರಿಂದ ೧೪೪ರವರೆಗಿನವುಗಳ ಪ್ರದೇಶದಲ್ಲಿ ರೇಡಾರುಗಳೂ ಕೆಲಸ ಮಾಡುವುದುಂಟು. ಅವುಗಳಿಗೆ ಅಡ್ಡಿಯಾಗದಂತೆ, ರೌಟರು ಅಂಥ ಚಾನೆಲನ್ನು ಹಿಡಿದಾಗ ಮೊದಲು ೬೦ ಸೆಕೆಂಡು ಮೌನವಾಗಿ ಆಲಿಸಿ, ರೇಡಾರು ಇಲ್ಲವೆಂದು ಕಂಡ ಮೇಲೆಯೇ ತನ್ನ ಹೆಸರನ್ನು ಸಾರುತ್ತದೆ. ಯೂರೋಪಿನಲ್ಲಿ ಹವಾಮಾನದ ರೇಡಾರುಗಳಿರುವ ಚಾನೆಲುಗಳಿಗೆ ಈ ಮೌನವು ೧೦ ನಿಮಿಷ! ರೌಟರು ಎಚ್ಚರಗೊಳ್ಳುವುದಕ್ಕೆ ಬೇಕಾದ ಹೊತ್ತು ಬೇರೆ. ನಾನು ಪ್ರತಿಸಲವೂ ಅದನ್ನು ಮುಗಿಯಗೊಡದೆ ಮೊದಲಿನಿಂದ ಆರಂಭಿಸುತ್ತಿದ್ದೆನು.

ವಾಚಕರ ಮನೆಯಲ್ಲಿ ಹೀಗಾದರೆ ಮೊದಲು ಐದು ನಿಮಿಷ ಸುಮ್ಮನಿರುವುದು ಲೇಸು. ಬಳಿಕ ಇನ್ನೊಂದು ಫೋನಿನಲ್ಲಿಯೂ ನೋಡತಕ್ಕದ್ದು. ಕೆಲವು ಹಳೆಯ ಫೋನುಗಳು ೨.೪ನ್ನು ಮಾತ್ರ ಬಲ್ಲುವು. ಎರಡು ಬ್ಯಾಂಡುಗಳಿಗೂ ಒಂದೇ ಹೆಸರಿಡುವ ಏರ್ಪಾಟು ಕೆಲವು ರೌಟರುಗಳಲ್ಲುಂಟು. ಆಗ ಬ್ಯಾಂಡು ಕಳೆದಿರುವುದಿಲ್ಲ, ಹೆಸರು ಮಾತ್ರ ಬೆರೆತಿರುತ್ತದೆ. ಇವೆರಡೂ ಅಲ್ಲವಾದರೆ, ರೌಟರಿನ ಅಡಿಯ ಚೀಟಿಯಲ್ಲಿರುವ ವಿಳಾಸವನ್ನು ಬ್ರೌಸರಿನಲ್ಲಿ ಬರೆದು ಒಳಹೊಕ್ಕು, ೫ ಗಿಗಾಹರ್ಟ್ಸು ಆರಿಸಲ್ಪಟ್ಟಿದೆಯೇ ಎಂದು ನೋಡಬೇಕು. ಚಾನೆಲು 'ಆಟೋ' ಎಂದಿದ್ದರೆ ೩೬, ೪೦, ೪೪, ೪೮ ಇವುಗಳಲ್ಲೊಂದನ್ನು ನಿಲ್ಲಿಸಬಹುದು. ಇವುಗಳಿಗೆ ಆ ಮೌನದ ಕಟ್ಟಳೆಯಿಲ್ಲ. ಚಾನೆಲಿನ ಅಗಲವನ್ನು ಮಾತ್ರ ೮೦ ಮೆಗಾಹರ್ಟ್ಸಿಗಿಂತ ಹೆಚ್ಚಿಸಬಾರದು. ೧೬೦ ಎಂದಿಟ್ಟರೆ ಅದು ೫೨ರಿಂದ ೬೪ರವರೆಗಿನ ಚಾನೆಲುಗಳನ್ನೂ ಒಳಗೊಳ್ಳುವುದರಿಂದ ಪುನಃ ಕಾಯಬೇಕಾದೀತು.

ಸೊಸೆಯು ಅಂದು ಫೋನಿನ ಇಂಟರ್ನೆಟ್ಟಿನಿಂದಲೇ ಸಭೆಯನ್ನು ಮುಗಿಸಿದಳು. ಮೊಮ್ಮಗನು ಮಾತ್ರ ಊಟದ ಹೊತ್ತಿನವರೆಗೂ ನನ್ನ ಬಳಿ ಸುಳಿಯಲಿಲ್ಲ.